ಡೇನ್ ಕೌಂಟಿಯ ಹದಿನಾರನೆಯ ಚೌಕ

ಈ ಸಂಚಿಕೆಯ ಸಂಪಾದಕ ಮಂಡಲಿಯ ಮಿತ್ರರು ‘ಷಟ್ಪದಿಯನ್ನು ಕುರಿತೋ ಶಾಸನಗಳನ್ನು ಕುರಿತೋ ಏನಾದರೊಂದು ಬರೆದುಕೊಡಬೇಕು’ ಎಂದು ಕೇಳಿದ್ದರು. ಮೂವತ್ತು ವರ್ಷಗಳಿಂದ ತರಗತಿಯಲ್ಲಿ ಹೇಳಿದ್ದನ್ನೇ ಮತ್ತೆ ಅಚ್ಚಿಗೆ ಕೊಟ್ಟು, ನನ್ನ ಹಳೆಯ ವಿದ್ಯಾರ್ಥಿಗಳಿಗೆ ಇನ್ನೊಮ್ಮೆ ಆಕಳಿಕೆ ತರಿಸುವುದು ನನಗೆ ಸರಿಕಾಣಲಿಲ್ಲ. ಅದಕ್ಕೆ ಬದಲಾಗಿ ನಾನು 2023ರ ಬೇಸಗೆಯಲ್ಲಿ ಆರು ವಾರ ಕಳೆದ ಒಂದು ನಾಡಿನ ವಿಚಾರವನ್ನೂ, ಆ ನೆಪದಲ್ಲಿ ಶ್ರೀಮಠದ ಈ ವಿದ್ಯಾಸಂಸ್ಥೆಗೆ ನಾನು ಬಹುಕಾಲದಿಂದ ಸಲ್ಲಿಸಬೇಕಾಗಿದ್ದ ಒಂದು ಒಪ್ಪಿಗೆಯನ್ನೂ ಇಲ್ಲಿ ನಿವೇದಿಸಲು ಅಪ್ಪಣೆ ಬೇಡುತ್ತೇನೆ. ಪಂಡಿತನಾದವನಿಗೆ ಭೂಗೋಳದ ಗೊಡವೆ ಏಕೆಂದು ಕೆಲವರಾದರೂ ನಗಬಹುದು, ನಗಲಿ.

ನನ್ನ ಮಗಳೂ ಅಳಿಯನೂ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ರಾಜಧಾನಿಯಾದ ಮ್ಯಾಡಿಸನ್ನಿನಲ್ಲಿದ್ದಾರೆ. ಅಳಿಯನ ಉದ್ಯೋಗ ಪಕ್ಕದ ವೆರೋನಾ ಎಂಬ ಊರಿನಲ್ಲಿ, ಆಸ್ಪತ್ರೆಗಳ ಲೆಕ್ಕಪತ್ರಗಳನ್ನಿಡುವ ತಂತ್ರಾಂಶದ ಕಂಪನಿಯೊಂದರಲ್ಲಿ. ಮಗಳ ಬಾಣಂತನಕ್ಕೆಂದು ನನ್ನ ಮನೆಯವರು ಮೊದಲೇ ಹೋಗಿದ್ದರು; ಪರೀಕ್ಷೆಗಳು ಮುಗಿದು ರಜೆ ಬಂದೊಡನೆ ಏಪ್ರಿಲ್ ಎರಡನೆಯ ವಾರದಲ್ಲಿ ನಾನೂ ಹೊರಟೆ. ಒಲ್ಲದ ಮನಸ್ಸಿನಿಂದ ಹೊರಟೆನೆಂಬುದನ್ನು ಮುಚ್ಚಿಡುವುದೇಕೆ? ಅಲ್ಲಿ ನನಗೆ ಮಾಡಲು ಕೆಲಸವಿರಲಿಲ್ಲ. ಬಾಣಂತಿಯ ಮನೆಯಲ್ಲಿ ಗಂಡಸು, ಅದರಲ್ಲಿಯೂ ಕನ್ನಡ ಪಂಡಿತ, ದಾರಿಗಡ್ಡವಾಗಿ ಇಟ್ಟ ಪೀಠೋಪಕರಣದಂತೆ. ಮಗಳೇ ಒಂದು ದಿನ, “ಅಪ್ಪಾಜಿ, ನೀವು ಇಲ್ಲೇ ಕೂತು ಕಿಟಕಿ ನೋಡ್ತಾ ಇದ್ರೆ ನನಗೆ ಸಂಕಟ ಆಗುತ್ತೆ. ಹೊರಗೆ ಓಡಾಡಿ ಬನ್ನಿ” ಎಂದಳು. ಹೀಗೆ ಆರಂಭವಾಯಿತು ನನ್ನ ಡೇನ್ ಕೌಂಟಿಯ ಅಧ್ಯಯನ.

ಕೌಂಟಿ ಎಂದರೆ ನಮ್ಮ ಜಿಲ್ಲೆಗೆ ಸಮೀಪವಾದದ್ದು, ಆದರೆ ಜಿಲ್ಲೆಯಲ್ಲ. ಡೇನ್ ಕೌಂಟಿಯ ನೆಲದ ವಿಸ್ತಾರ ಸುಮಾರು 3,100 ಚದರ ಕಿಲೋಮೀಟರು. ನಮ್ಮ ಬೆಂಗಳೂರು ನಗರ ಜಿಲ್ಲೆಗಿಂತ ಹಿರಿದು. 2020ರ ಗಣತಿಯಂತೆ ಅಲ್ಲಿಯ ಜನಸಂಖ್ಯೆ 5,61,504. ಅದರಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಜನ, 2,69,840 ಮಂದಿ, ಮ್ಯಾಡಿಸನ್ ನಗರದಲ್ಲಿಯೇ ಇದ್ದರು. ನಮ್ಮ ಕಣ್ಣಿಗೆ ಇದು ರಾಜಧಾನಿಯ ಜನಸಂದಣಿಯೇ ಅಲ್ಲ. ನಗರದ ಅಂಚು ದಾಟಿ ಹತ್ತು ನಿಮಿಷ ಕಾರಿನಲ್ಲಿ ಹೋದರೆ ಜೋಳದ ಹೊಲಗಳೂ ಹಾಲಿನ ದನಗಳ ಕೊಟ್ಟಿಗೆಗಳೂ ಕಾಣತೊಡಗುತ್ತವೆ.

ಭೂಮಿಯ ರಚನೆಯನ್ನು ನೋಡಿದರೆ ಆ ಕೌಂಟಿ ಎರಡು ಹೋಳು. ಪೂರ್ವಭಾಗವನ್ನು ಹಿಮಯುಗದ ಕೊನೆಯ ಹಿಮರಾಶಿ ಉಜ್ಜಿ ಸಮಮಾಡಿ, ಹೊಂಡಗಳಲ್ಲಿ ನೀರು ನಿಲ್ಲಿಸಿ ಹೋಯಿತು. ಪಶ್ಚಿಮದ ಭಾಗಕ್ಕೆ ಆ ಹಿಮ ತಲಪಲೇ ಇಲ್ಲ. ಅಲ್ಲಿ ಗುಡ್ಡಗಳು ಗುಡ್ಡಗಳಾಗಿಯೇ, ಕಣಿವೆಗಳು ಕಣಿವೆಗಳಾಗಿಯೇ ಉಳಿದಿವೆ. ನಡುವೆ ಯಹಾರಾ ಎಂಬ ಚಿಕ್ಕ ನದಿ ಮೆಂಡೋಟಾ, ಮನೋನಾ, ವಾಬೀಸಾ, ಕೆಗಾನ್ಸಾ ಎಂಬ ನಾಲ್ಕು ಸರೋವರಗಳನ್ನು ದಾರದಲ್ಲಿ ಮಣಿ ಪೋಣಿಸಿದಂತೆ ಒಂದಾದ ಮೇಲೊಂದು ಹಾದು ತೆಂಕಣಕ್ಕೆ ಹರಿಯುತ್ತದೆ. ಇವುಗಳನ್ನು ನಾನು ಮೊದಮೊದಲು ಕೆರೆಗಳೆಂದೇ ಕರೆಯುತ್ತಿದ್ದೆ. ಬಳಿಕ, ಕೆರೆಯೆಂದರೆ ಕಟ್ಟಿಸಿದ್ದು, ಇವು ತಾವಾಗಿ ಆದವು ಎಂದು ನನ್ನನ್ನು ನಾನೇ ತಿದ್ದಿಕೊಂಡೆ. ಮೆಂಡೋಟಾ, ಮನೋನಾ ಎರಡರ ನಡುವಣ ಕಿರಿದಾದ ಭೂಸಂಧಿಯ ಮೇಲೆ ಮ್ಯಾಡಿಸನ್ ನಗರದ ನಡುಭಾಗ ಕುಳಿತಿದೆ. ಆ ಭೂಸಂಧಿಯ ದಿನ್ನೆಯ ಮೇಲೆ ರಾಜ್ಯದ ಶಾಸನಭವನ.

ಶಾಸನಭವನದ ಶಿಖರ 284 ಅಡಿ ಎತ್ತರದ್ದು, ಗ್ರಾನೈಟ್ ಶಿಲೆಯದು. ಹಿಂದಿನ ಭವನ 1904ರಲ್ಲಿ ಬೆಂಕಿಗೆ ಆಹುತಿಯಾದ ಮೇಲೆ 1906ರಿಂದ 1917ರವರೆಗೆ ಇದನ್ನು ಕಟ್ಟಿದರು. ಶಿಖರದ ತುದಿಯಲ್ಲಿ ಬಂಗಾರದ ಲೇಪದ ಒಂದು ಸ್ತ್ರೀಪ್ರತಿಮೆ. ಅವಳ ಶಿರಸ್ತ್ರಾಣದ ಮೇಲೆ ಬ್ಯಾಜರ್ ಎಂಬ ಬಿಲ ತೋಡುವ ಪ್ರಾಣಿ. ಹಿಂದೆ ಸೀಸದ ಗಣಿಗಳಲ್ಲಿ ದುಡಿದವರು ಮನೆಯಿಲ್ಲದೆ ಗುಡ್ಡದಲ್ಲಿ ಬಿಲ ತೋಡಿ ಚಳಿಗಾಲ ಕಳೆಯುತ್ತಿದ್ದರಂತೆ; ಬಡ ಕೂಲಿಗಳನ್ನು ಹಂಗಿಸಿದ ಹೆಸರು ರಾಜ್ಯದ ಲಾಂಛನವಾಗಿ ಅಧಿದೇವತೆಯ ತಲೆಯ ಮೇಲೇರಿತು. ಆ ಭವನದ ಸುತ್ತ ಒಂದು ಮೈಲಿಯೊಳಗೆ ಶಿಖರದ ಕೆಳಗಣ ಕಂಬಗಳಿಗಿಂತ ಎತ್ತರದ ಕಟ್ಟಡವನ್ನು ಯಾರೂ ಕಟ್ಟಕೂಡದೆಂದು 1990ರಲ್ಲಿ ಕಾಯಿದೆಯನ್ನೇ ಮಾಡಿದ್ದಾರೆ. ಗುಡಿಯ ಗೋಪುರಕ್ಕಿಂತ ಎತ್ತರವಾಗಿ ಮನೆ ಕಟ್ಟಬಾರದೆಂದು ನಮ್ಮ ಊರಿನ ಹಿರಿಯರು ಕಾಯಿದೆಯಿಲ್ಲದೆಯೇ ಪಾಲಿಸುತ್ತಿದ್ದರು.

ಶನಿವಾರಗಳಂದು ಆ ಭವನದ ಸುತ್ತ ರೈತರ ಸಂತೆ ನಡೆಯುತ್ತದೆ. 1972ರಲ್ಲಿ ಆರಂಭವಾದ ಸಂತೆ ಅದು; ಬೆಳೆದವನೇ ತಂದು ಮಾರಬೇಕು, ದಲ್ಲಾಳಿಗೆ ಅಲ್ಲಿ ಎಡೆಯಿಲ್ಲ. ಜನರೆಲ್ಲರೂ ಒಂದೇ ದಿಕ್ಕಿಗೆ ಹೊಳೆಯಂತೆ ಸಾಗುತ್ತಾರೆ, ಅದೂ ಎಡಸುತ್ತಿನಲ್ಲಿ! ನಾನು ಅಭ್ಯಾಸಬಲದಿಂದ ಪ್ರದಕ್ಷಿಣವಾಗಿ ಹೊರಟೆ. ಎದುರಿನಿಂದ ಬರುತ್ತಿದ್ದವರು ಒಬ್ಬೊಬ್ಬರೇ ಮುಗುಳ್ನಕ್ಕು ಸರಿದು ದಾರಿಬಿಟ್ಟರು. ಒಬ್ಬ ಮುದುಕಿ ನನ್ನ ತೋಳು ಹಿಡಿದು ಮೆಲ್ಲಗೆ ತಿರುಗಿಸಿಯೇಬಿಟ್ಟಳು. ಅಪ್ರದಕ್ಷಿಣದ ಪಾಪವನ್ನು ಅವಳ ಲೆಕ್ಕಕ್ಕೆ ಬರೆದು, ಒಂದು ಕಟ್ಟು ಪಾಲಕ್ ಸೊಪ್ಪು ಕೊಂಡು ಮನೆಗೆ ಬಂದೆ.

ಇನ್ನು ಆಡಳಿತದ ವಿಚಾರ. ನಮ್ಮಲ್ಲಿ ಜಿಲ್ಲೆಯೆಂದೊಡನೆ ಜಿಲ್ಲಾಧಿಕಾರಿಗಳು ಕಣ್ಣೆದುರು ನಿಲ್ಲುತ್ತಾರೆ. ಅವರು ಮೇಲಿನಿಂದ ಬಂದವರು, ಮೇಲಿನ ಆಜ್ಞೆಯಾದಾಗ ಹೋಗುವವರು. ಅಲ್ಲಿ ಹಾಗೆ ಮೇಲಿನಿಂದ ಬರುವ ಅಧಿಕಾರಿಯಿಲ್ಲ. 37 ಮಂದಿ ಸದಸ್ಯರ ಮಂಡಲಿಯೊಂದು, ಎರಡು ವರ್ಷಕ್ಕೊಮ್ಮೆ ಏಪ್ರಿಲ್ ತಿಂಗಳಿನಲ್ಲಿ ಪಕ್ಷಗಳ ಹೆಸರಿಲ್ಲದೆ ಚುನಾಯಿತವಾಗುತ್ತದೆ. ಕಾರ್ಯನಿರ್ವಾಹಕನೊಬ್ಬನನ್ನು 1973ರಿಂದೀಚೆಗೆ ಜನರೇ ನೇರವಾಗಿ ಆರಿಸುತ್ತಾರೆ. ಅಷ್ಟೇ ಆಗಿದ್ದರೆ ನನಗೆ ಬೆರಗಾಗುತ್ತಿರಲಿಲ್ಲ. ಪೊಲೀಸಿನ ಹಿರಿಯನಾದ ಶೆರಿಫ್, ಸರ್ಕಾರಿ ವಕೀಲ, ಖಜಾಂಚಿ, ಕೌಂಟಿಯ ಗುಮಾಸ್ತ, ನ್ಯಾಯಾಲಯದ ಗುಮಾಸ್ತ, ದಸ್ತಾವೇಜುಗಳ ನೋಂದಣಾಧಿಕಾರಿ, ಇವರೆಲ್ಲರೂ ಮತ ಕೇಳಿ ಗೆದ್ದು ಬರಬೇಕಾದವರೇ! ನಮ್ಮ ತಾಲ್ಲೂಕಿನ ಉಪನೋಂದಣಾಧಿಕಾರಿಗಳು ಮನೆಮನೆಗೆ ಬಂದು ಕೈಮುಗಿದು ಮತ ಕೇಳುವ ದೃಶ್ಯವನ್ನು ಕಲ್ಪಿಸಿಕೊಂಡು ಒಬ್ಬನೇ ನಕ್ಕೆ. ಆದರೆ ಎಲ್ಲರನ್ನೂ ಆರಿಸುವುದು ಎಷ್ಟು ಲೇಸೆಂದು ನನಗೆ ಸಂದೇಹವೇ. ಖಜಾಂಚಿಯ ಲೆಕ್ಕಜ್ಞಾನವನ್ನು ಮತಗಳಿಂದ ಅಳೆಯುವುದು ಹೇಗೆ?

ಕೌಂಟಿಯ ಕೆಲಸಗಳು ಹಲವು: ಹೆದ್ದಾರಿಗಳು, ಸೆರೆಮನೆ, ವೃದ್ಧರ ಮತ್ತು ದೀನರ ನೆರವು, ಉದ್ಯಾನಗಳು, ಕಸದ ವಿಲೇವಾರಿ; ವಿಮಾನ ನಿಲ್ದಾಣವೂ ಕೌಂಟಿಯದೇ. ರಾಜ್ಯಸರ್ಕಾರ ತನ್ನ ನೆಲದಲ್ಲಿಯೇ ಕುಳಿತಿದ್ದರೂ ಅದರ ಮೇಲೆ ಕೌಂಟಿಗೆ ಯಾವ ಅಧಿಕಾರವೂ ಇಲ್ಲ. ತದ್ವಿರುದ್ಧವಾಗಿ ಕೌಂಟಿಯೇ ರಾಜ್ಯದ ಸೃಷ್ಟಿ, ಆಸ್ತಿತೆರಿಗೆಯನ್ನು ಎಷ್ಟು ಏರಿಸಬಹುದೆಂಬುದಕ್ಕೂ ರಾಜ್ಯದ ಕಟ್ಟಳೆಯುಂಟು. ಶಾಸನಭವನಕ್ಕೂ ವಿಶ್ವವಿದ್ಯಾಲಯದ ವಿಶಾಲ ನೆಲಕ್ಕೂ ಆಸ್ತಿತೆರಿಗೆಯಿಲ್ಲ. ಹಿರಿಯ ಅತಿಥಿಯನ್ನು ಮನೆಯಲ್ಲಿಟ್ಟುಕೊಂಡ ಗೃಹಸ್ಥನ ಸ್ಥಿತಿ ಕೌಂಟಿಯದು: ಗೌರವ ಉಂಟು, ಬಾಡಿಗೆ ಇಲ್ಲ.

ಕೌಂಟಿಯೊಳಗೆ ನಗರ, ಹಳ್ಳಿ, ಟೌನ್ ಎಂಬ ಸುಮಾರು 60 ಸ್ಥಳೀಯ ಆಡಳಿತಗಳಿವೆ. ಇಲ್ಲಿ ಟೌನ್ ಎಂದರೆ ಪಟ್ಟಣವಲ್ಲ. ಹೊಲಮನೆಗಳ ಗ್ರಾಮಾಂತರ ಪ್ರದೇಶ. ಅಂಥ ಒಂದು ಟೌನಿನ ವಾರ್ಷಿಕ ಸಭೆಗೆ, ಅಳಿಯನ ಸಹೋದ್ಯೋಗಿಯೊಬ್ಬರು ನನ್ನನ್ನು ಕರೆದುಕೊಂಡು ಹೋದರು. ಏಪ್ರಿಲ್ ತಿಂಗಳ ಮೂರನೆಯ ಮಂಗಳವಾರ ಆ ರಾಜ್ಯದ ಟೌನುಗಳೆಲ್ಲ ಸಭೆ ಸೇರುವ ಪದ್ಧತಿಯಂತೆ. ಪಶ್ಚಿಮದ ಗುಡ್ಡಗಳ ನಡುವೆ ಒಂದು ತಗಡಿನ ಮಾಡಿನ ಕಟ್ಟಡ. ಒಂದು ಪಾರ್ಶ್ವದಲ್ಲಿ ಹಿಮ ಸರಿಸುವ ಲಾರಿಗಳು, ಇನ್ನೊಂದು ಪಾರ್ಶ್ವದಲ್ಲಿ ಮಡಚುವ ಕುರ್ಚಿಗಳು. ಬಂದವರು ಮೂವತ್ತು ಮೂವತ್ತೈದು ಜನ. ಇಲ್ಲಿ ಕುಳಿತ ಮತದಾರರೇ ಶಾಸಕರು, ಪ್ರತಿನಿಧಿಗಳಲ್ಲ. ಟೌನಿನ ನೆಲವನ್ನು ಮಾರುವುದಕ್ಕೂ ಕೊಳ್ಳುವುದಕ್ಕೂ ಅವರು ಕೈಯೆತ್ತಿ ಒಪ್ಪಿಗೆ ಕೊಡಬೇಕು. ಆ ದಿನದ ಚರ್ಚೆ ರಸ್ತೆಗೆ ಎರಚುವ ಉಪ್ಪನ್ನು ಇಡಲು ಒಂದು ಕೊಟ್ಟಿಗೆ ಕಟ್ಟುವುದನ್ನು ಕುರಿತದ್ದು. ಉಪ್ಪಿನ ನೀರು ತನ್ನ ಬಾವಿಗೆ ಇಳಿಯುವುದೆಂದು ಒಬ್ಬ ರೈತ ಮುಕ್ಕಾಲು ಗಂಟೆ ವಾದಿಸಿದ. ಎಲ್ಲರೂ ಸಹನೆಯಿಂದ ಕೇಳಿದರು. ಕೊನೆಗೆ ಕೊಟ್ಟಿಗೆಯನ್ನು ದೂರಕ್ಕೆ ಸರಿಸಿದರು. ನಮ್ಮಲ್ಲಿಯೂ ಸಂವಿಧಾನದ 73ನೆಯ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದಮೇಲೆ ಗ್ರಾಮಸಭೆಗೆ ಸಂವಿಧಾನದಲ್ಲಿಯೇ ಸ್ಥಾನ ದೊರೆತಿದೆ. ಎಷ್ಟು ಸಭೆಗಳು ಸೇರುತ್ತವೆ, ಎಷ್ಟು ಪುಸ್ತಕದಲ್ಲಿ ಮಾತ್ರ ಸೇರುತ್ತವೆ ಎಂಬುದು ಓದುಗ ಮಹಾಶಯರಿಗೆ ನನಗಿಂತ ಚೆನ್ನಾಗಿ ಗೊತ್ತು.

ಆ ಸಭೆಯಿಂದ ಹಿಂದಿರುಗುವಾಗ ಅಳಿಯನ ಮಿತ್ರರು ಕೌಂಟಿಯ ಭೂನಕ್ಷೆಯ ಪುಸ್ತಕವೊಂದನ್ನು ನನಗೆ ಓದಲು ಕೊಟ್ಟರು. ಮರುದಿನ ಬೆಳಗ್ಗೆ ಅದನ್ನು ಬಿಚ್ಚಿದವನು ಮಧ್ಯಾಹ್ನದ ಊಟವನ್ನು ಮರೆತೆ. ಇಡೀ ನಾಡು ಚದುರಂಗದ ಮಣೆ! ಅಮೆರಿಕ ಸ್ವತಂತ್ರವಾದ ಹೊಸತರಲ್ಲಿ, 1785ರಲ್ಲಿ, ಪಶ್ಚಿಮದ ನೆಲವನ್ನು ಅಳೆದು ಹಂಚಲು ಒಂದು ಕಟ್ಟಳೆ ಮಾಡಿದರು. ಅದರಂತೆ ಆರು ಮೈಲಿ ಉದ್ದ ಆರು ಮೈಲಿ ಅಗಲದ ಚೌಕ ಒಂದು ಟೌನ್‌ಶಿಪ್. ಅದರೊಳಗೆ 36 ಚಿಕ್ಕ ಚೌಕಗಳು, ಒಂದೊಂದೂ 640 ಎಕರೆ. ಈ ಮೂವತ್ತಾರರಲ್ಲಿ ಹದಿನಾರನೆಯ ಚೌಕವನ್ನು ಆ ಟೌನ್‌ಶಿಪ್ಪಿನ ಶಾಲೆಯ ನಿರ್ವಹಣೆಗಾಗಿ ಮೀಸಲಿಡತಕ್ಕದ್ದು. ಶಾಲೆಯಿಲ್ಲ, ಮಕ್ಕಳಿಲ್ಲ, ಊರೇ ಇಲ್ಲ. ಬರೇ ಹುಲ್ಲು ಮತ್ತು ಕಾಡು. ಆಗಲೇ ಎಂದೋ ಹುಟ್ಟಲಿರುವ ಮಕ್ಕಳ ಹೆಸರಿಗೆ ನೆಲವನ್ನು ಬರೆದುಬಿಟ್ಟಿದ್ದರು. 1830ರ ದಶಕದಲ್ಲಿ ಅಳತೆಗಾರರು ಈ ನಾಲ್ಕು ಸರೋವರಗಳ ಸೀಮೆಗೆ ಸರಪಳಿ ಹಿಡಿದು ಬಂದಾಗಲೂ ಅದೇ ಲೆಕ್ಕ, ಅದೇ ಹದಿನಾರನೆಯ ಚೌಕ.

ಆ ನೆಲವೆಲ್ಲ ಶಾಲೆಗಳಿಗೆ ಉಳಿಯಿತೇ ಎಂದರೆ, ಇಲ್ಲ. ವಿಸ್ಕಾನ್ಸಿನ್ 1848ರಲ್ಲಿ ರಾಜ್ಯವಾದ ಮೇಲೆ ಅದರ ಬಹುಭಾಗವನ್ನು ಅಗ್ಗದ ಬೆಲೆಗೆ ಮಾರಿದರು. ಆದರೆ ಮಾರಿ ಬಂದ ಹಣವನ್ನು ಮುಟ್ಟಕೂಡದ ಮೂಲಧನವಾಗಿಟ್ಟು ಅದರ ಉತ್ಪನ್ನವನ್ನು ಮಾತ್ರ ಶಾಲೆಗಳಿಗೆ ಬಳಸಬೇಕೆಂದು ರಾಜ್ಯದ ಸಂವಿಧಾನದಲ್ಲಿ ಬರೆದರು. ಆ ನಿಧಿ ಇಂದಿಗೂ ಇದೆ. ಅದರ ವರ್ಷಾವಧಿ ಆದಾಯದಿಂದ ಸರ್ಕಾರಿ ಶಾಲೆಗಳ ಗ್ರಂಥಾಲಯಗಳಿಗೆ ಪುಸ್ತಕ ಬರುತ್ತದೆ.

ಕೌಂಟಿಗೆ ಡೇನ್ ಎಂಬ ಹೆಸರು ಬಂದ ಬಗೆಯೂ ದಾನದ ಕಥೆಗೆ ಹತ್ತಿರದ್ದೇ. ನೇಥನ್ ಡೇನ್ ದೂರದ ಮ್ಯಾಸಚೂಸೆಟ್ಸಿನ ನ್ಯಾಯವಾದಿ. ಈ ವಾಯವ್ಯ ಸೀಮೆಯ ಆಡಳಿತಕ್ಕೆಂದು 1787ರಲ್ಲಿ ಹೊರಡಿಸಿದ ಕಟ್ಟಳೆಯನ್ನು ಬರೆದವರಲ್ಲಿ ಆತ ಪ್ರಮುಖ. ಸೀಮೆಯಲ್ಲಿ ಗುಲಾಮಗಿರಿ ಕೂಡದೆಂಬ ವಿಧಿಯೂ, ಶಾಲೆಗಳಿಗೆ ಸದಾ ಉತ್ತೇಜನವಿರಬೇಕೆಂಬ ವಿಧಿಯೂ ಅದರಲ್ಲಿವೆ. ವಯಸ್ಸಾದ ಮೇಲೆ ಆತ ಹಾರ್ವರ್ಡ್ ವಿದ್ಯಾಪೀಠದ ನ್ಯಾಯಶಾಲೆಗೆ 10,000 ಡಾಲರು ದಾನಕೊಟ್ಟು 1829ರಲ್ಲಿ ಒಂದು ಅಧ್ಯಾಪಕ ಪೀಠವನ್ನು ಸ್ಥಾಪಿಸಿದ. 1836ರ ಡಿಸೆಂಬರಿನಲ್ಲಿ ಕೌಂಟಿಗೆ ಅವನ ಹೆಸರಿಟ್ಟಾಗ ಆತ ತೀರಿಕೊಂಡು ವರ್ಷದ ಮೇಲಾಗಿತ್ತು.

ರಾಜಧಾನಿಯ ಹುಟ್ಟು ಇಷ್ಟು ಪವಿತ್ರವಲ್ಲ. ಜೇಮ್ಸ್ ಡೋಟಿ ಎಂಬ ಮಾಜಿ ನ್ಯಾಯಾಧೀಶ ಆ ಭೂಸಂಧಿಯ ನೆಲವನ್ನು ಮೊದಲೇ ಕೊಂಡು, ಕಾಗದದ ಮೇಲೆ ನಗರವೊಂದನ್ನು ಬರೆದು, 1836ರಲ್ಲಿ ಬೆಲ್ಮಾಂಟಿನ ಚಳಿಯಲ್ಲಿ ನಡುಗುತ್ತಿದ್ದ ಶಾಸಕರಿಗೆ ಕಾಡುಕೋಣದ ತುಪ್ಪುಳಿನ ಹೊದಿಕೆಗಳನ್ನೂ ನಿವೇಶನಗಳನ್ನೂ ಹಂಚಿ ರಾಜಧಾನಿಯನ್ನು ಅಲ್ಲಿಗೆ ತರಿಸಿಕೊಂಡ. ರಿಯಲ್ ಎಸ್ಟೇಟ್ ಎಂಬುದು ನಮ್ಮ ಕಾಲದ ಪಿಡುಗೆಂದು ನಾನು ತಿಳಿದಿದ್ದೆ.

ಆದರೂ ಒಂದು ಮುಳ್ಳು ಚುಚ್ಚುತ್ತಲೇ ಇತ್ತು. ಅಳೆದು ದಾನಮಾಡಿದ ಆ ನೆಲ ಯಾರದು? ಹೋ-ಚಂಕ್ ಜನ ಆ ಸೀಮೆಯನ್ನು ನಾಲ್ಕು ಸರೋವರಗಳ ನಾಡೆಂಬ ಅರ್ಥದಲ್ಲಿ ‘ದೇಜೋಪ್’ ಎಂದು ಕರೆಯುತ್ತ ಅಲ್ಲಿ ತಲೆತಲಾಂತರದಿಂದ ಬಾಳಿದವರು. ಸರೋವರದ ದಂಡೆಗಳಲ್ಲಿ ಪೂರ್ವಿಕರು ಪಕ್ಷಿಯ, ಕರಡಿಯ ಆಕಾರದಲ್ಲಿ ಮಣ್ಣಿನ ದಿಬ್ಬಗಳನ್ನು ಕಟ್ಟಿದ್ದರು. ಒಂದು ಪಕ್ಷಿಯ ರೆಕ್ಕೆಗಳ ಹರವು 624 ಅಡಿ. 1832ರ ಒಪ್ಪಂದದಿಂದ ಅವರು ನೆಲ ಕಳೆದುಕೊಂಡರು. ಮತ್ತೆ ಮತ್ತೆ ದೂರಕ್ಕೆ ಸಾಗಿಸಿದರೂ ಮತ್ತೆ ಮತ್ತೆ ನಡೆದು ಬಂದರು. ತನ್ನ ಸ್ವತ್ವವನ್ನು ಬಿಟ್ಟು ಇನ್ನೊಬ್ಬರಿಗೆ ಸ್ವತ್ವವನ್ನು ಉಂಟುಮಾಡುವುದೇ ದಾನವೆಂದು ನಮ್ಮ ಶಾಸ್ತ್ರಕಾರರು ಹೇಳುತ್ತಾರೆ. ಆ ಲಕ್ಷಣದಿಂದ ನೋಡಿದರೆ ಹದಿನಾರನೆಯ ಚೌಕ ಶುದ್ಧದಾನವಾಗಲಾರದು. ಕೈಬದಲಿಸಿದ ನೆಲದಲ್ಲಿಯೂ ಒಂದು ಪಾಲು ಮಕ್ಕಳಿಗೆ ಸಂದಿತು ಎಂದಷ್ಟೇ ಹೇಳಬಹುದು.

ಬೇಸರ ಕಳೆಯಲೆಂದು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೂ ಹೋಗುತ್ತಿದ್ದೆ. ಅಲ್ಲಿ ಒಂದು ದಿನ ಕೈಗೆ ಸಿಕ್ಕಿದ್ದು ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದ ಇಂಗ್ಲಿಷ್ ಅನುವಾದ, 1990ರಲ್ಲಿ ಅಚ್ಚಾದದ್ದು. ಅನುವಾದಕರಲ್ಲೊಬ್ಬರಾದ ವೇಲ್ಚೇರು ನಾರಾಯಣರಾಯರು ದಶಕಗಳ ಕಾಲ ಅದೇ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದವರು. ಭೀಮಕವಿ 1369ರಲ್ಲಿ ಕನ್ನಡಿಸಿದ್ದು ಇದೇ ಸೋಮನಾಥನ ಕೃತಿಯನ್ನಲ್ಲವೇ? ನಾನು ಪ್ರಸಾದನಿಲಯದ ಹುಡುಗನಾಗಿದ್ದಾಗ ರಾತ್ರಿ ದಾಸೋಹ ಮುಗಿದ ಮೇಲೆ ಗುರುಗಳು ಹೇಳಿಕೊಡುತ್ತಿದ್ದ ಪುರಾಣ ಅದು. ನನ್ನ ಇಂಗ್ಲಿಷ್ ದುರ್ಬಲವಾದರೂ ಕಥೆ ಗೊತ್ತಿದ್ದುದರಿಂದ ಓದು ಓಡಿತು. ಕಿಟಕಿಯಾಚೆ ಮೆಂಡೋಟಾ, ಒಳಗೆ ಕಲ್ಯಾಣದ ಶರಣರು. ಅಂದು ಮೊದಲ ಬಾರಿಗೆ ಆ ಊರು ನನಗೆ ಪರಸ್ಥಳವೆನಿಸಲಿಲ್ಲ.

ಮೇ ತಿಂಗಳ ಮೊದಲ ವಾರದಲ್ಲಿ ಮೊಮ್ಮಗಳು ಹುಟ್ಟಿದಳು. ಕೆಲವು ದಿನಗಳ ಬಳಿಕ ಅವಳ ಜನನಪತ್ರ ತರಲು ಅಳಿಯಂದಿರು ಹೊರಟಾಗ, “ಮಾವ, ನೀವೂ ಬನ್ನಿ, ನಿಮಗೆ ಇಷ್ಟವಾದ ಕಚೇರಿ ಅದು” ಎಂದರು. ನಗರಕ್ಕೂ ಕೌಂಟಿಗೂ ಸೇರಿದ ಒಂದೇ ಕಟ್ಟಡದಲ್ಲಿ ದಸ್ತಾವೇಜುಗಳ ನೋಂದಣಿಯ ಕಚೇರಿ. ಜನನ, ಮರಣ, ವಿವಾಹಗಳ ದಾಖಲೆಯೂ ಭೂಮಿಯ ಪತ್ರಗಳೂ ಆ ಒಂದೇ ಅಧಿಕಾರಿಯ ಸುಪರ್ದಿನಲ್ಲಿ. ಇಪ್ಪತ್ತು ಡಾಲರು ಕೊಟ್ಟು ಕಾಗದ ಪಡೆದದ್ದಾಯಿತು. ನನ್ನನ್ನು ಶಾಲೆಗೆ ಸೇರಿಸಿದಾಗ ನನ್ನ ತಂದೆಯವರಿಗೆ ನನ್ನ ಹುಟ್ಟಿದ ದಿನ ಗೊತ್ತಿರಲಿಲ್ಲ. ಹೆಡ್ ಮೇಷ್ಟರು ನನ್ನ ಹಲ್ಲು ನೋಡಿ ಜೂನ್ 1 ಎಂದು ಬರೆದುಕೊಂಡರು. ನನ್ನ ನಿವೃತ್ತಿಯ ದಿನವೂ ಆ ಹಲ್ಲುಗಳ ಮೇಲೆಯೇ ನಿಂತಿದೆ.

ಅಳಿಯಂದಿರು ಕಾಗದವನ್ನು ಪರಿಶೀಲಿಸುತ್ತಿದ್ದಾಗ ಪಕ್ಕದಲ್ಲಿ ಒಬ್ಬ ವೃದ್ಧ, ಜೊತೆಗೆ ಮಗಳಿರಬೇಕು, ಒಂದು ಭೂಮಿಯ ಪತ್ರವನ್ನು ನೋಂದಣಿಗೆ ಕೊಡುತ್ತಿದ್ದ. ಗುಮಾಸ್ತೆ ಅದನ್ನು ತೆಗೆದುಕೊಂಡು ಏನೋ ಕೇಳಿದಳು, ಆತ ತಲೆಯಾಡಿಸಿದ. ಐದು ನಿಮಿಷವೂ ಆಗಲಿಲ್ಲ. ನನ್ನ ಕಾಲು ನಡುಗಿತು. ಅಲ್ಲಿದ್ದ ಬೆಂಚಿನ ಮೇಲೆ ಕುಳಿತುಬಿಟ್ಟೆ.

ಈ ಶಾಲೆಯ ದಕ್ಷಿಣದ ಆಟದ ಬಯಲು 2004ರಲ್ಲಿ 2 ಎಕರೆ 10 ಗುಂಟೆ ಇತ್ತು. ಅದನ್ನು ಕೊಟ್ಟ ಯಜಮಾನರು ಸಭೆಯಲ್ಲಿ ಲಿಂಗೈಕ್ಯ ಹಿರಿಯ ಶ್ರೀಗಳ ಪಾದಕ್ಕೆ ನೀರು ಬಿಟ್ಟು ಧಾರೆಯೆರೆದರು. ಭೂಪರಿವರ್ತನೆಯ ಆದೇಶವೂ ಕೈಸೇರಿತ್ತು. ಶ್ರೀಗಳು ಮರುದಿನವೇ ನನ್ನನ್ನು ಕರೆಸಿ, “ಪಂಡಿತರೇ, ದಾನಪತ್ರ ಬರೆದು ಯಜಮಾನರನ್ನು ಕರೆದುಕೊಂಡುಹೋಗಿ ನೋಂದಣಿ ಮಾಡಿಸಿಬಿಡಿ. ಈ ವಾರದೊಳಗೆ ಆಗಲಿ” ಎಂದರು. “ಆಗಲಿ, ಬುದ್ಧಿ” ಎಂದೆ.

ನಾನು ಬರೆಯಲು ಕುಳಿತೆ. ತರಗತಿಯಲ್ಲಿ ಶಾಸನಪಾಠ ಹೇಳುತ್ತಿದ್ದವನಿಗೆ ದಾನಪತ್ರವೆಂದರೆ ಕೇವಲ ಕಾಗದವೇ? ಚತುಃಸೀಮೆಯ ವಿವರ, ದಾತೃವಿನ ವಂಶಪ್ರಶಸ್ತಿ, ಆಚಂದ್ರಾರ್ಕ ನಡೆಯಲೆಂಬ ಹರಕೆ, ಅಳಿದವರಿಗೆ ಶಾಪ, ಒಂದೊಂದನ್ನೂ ಹಳಗನ್ನಡದ ಬೆಡಗಿನಲ್ಲಿ ಬರೆದೆ, ತಿದ್ದಿದೆ, ಮತ್ತೆ ಬರೆದೆ. ಪತ್ರ ಬರಹಗಾರರು ಒಮ್ಮೆ ನೋಡಿ, “ಸ್ವಾಮಿ, ಚೆಕ್ಕುಬಂದಿ ಸರಿಯಾಗಿದ್ದರೆ ಸಾಕು, ಉಳಿದದ್ದು ಬೇಡ” ಎಂದದ್ದು ನನಗೆ ಅವಮಾನವಾಗಿ ತೋರಿತು. ವಾರ ತಿಂಗಳಾಯಿತು, ತಿಂಗಳು ಎರಡಾಯಿತು. ಯಜಮಾನರನ್ನು ಕಂಡಾಗ ಹೆಬ್ಬೆಟ್ಟಿನ ಮಾತೆತ್ತಲು ನನಗೆ ಸಂಕೋಚ. ಅವರೋ, “ಪಾದದ ಮೇಲೆ ನೀರು ಬಿಟ್ಟ ಮೇಲೆ ಕಾಗದ ಯಾತಕ್ಕೆ ಮೇಷ್ಟ್ರೇ? ಆದರೂ ಯಾವತ್ತು ಹೇಳ್ತೀರೋ ಬರ್ತೀನಿ” ಎನ್ನುತ್ತಿದ್ದರು. ಆ ದಿನವನ್ನು ನಾನು ಹೇಳಲೇ ಇಲ್ಲ. ಆಷಾಢದಲ್ಲಿ ಒಂದು ಬೆಳಗ್ಗೆ ಅವರು ಹೊಲದಲ್ಲಿಯೇ ಕುಸಿದು ಲಿಂಗೈಕ್ಯರಾದರು.

ಸ್ಥಿರಾಸ್ತಿಯ ದಾನ ನೋಂದಾಯಿತ ಪತ್ರದಿಂದಲೇ ಆಗಬೇಕು, ಇಬ್ಬರು ಸಾಕ್ಷಿಗಳು ರುಜು ಹಾಕಿರಬೇಕು ಎಂದು 1882ರ ಕಾಯಿದೆಯೇ ಇದೆ. ಧಾರೆಯ ನೀರನ್ನು ನ್ಯಾಯಾಲಯ ಅಳೆಯುವುದಿಲ್ಲ. ಪಹಣಿಯಲ್ಲಿ ಹೆಸರು ಯಜಮಾನರದೇ ಉಳಿದಿತ್ತು. ನೆಲ ಮೂವರು ಮಕ್ಕಳಿಗೆ ಮೂವತ್ತು ಗುಂಟೆಯಂತೆ ಹಂಚಿಹೋಯಿತು. ಕಿರಿಯವರು ತಂದೆಯ ಮಾತಿಗೆ ತಲೆಬಾಗಿ ತಮ್ಮ ಪಾಲನ್ನು ಶಾಲೆಗೆ ನೋಂದಣಿ ಮಾಡಿಕೊಟ್ಟರು. ಉಳಿದಿಬ್ಬರು ಕೊಡಲಿಲ್ಲ. ಅವರನ್ನು ನಾನು ದೂರುವುದಿಲ್ಲ. ಅವರಿಗೂ ಸಾಲವಿತ್ತು, ಹೆಣ್ಣುಮಕ್ಕಳಿದ್ದರು. ಇಂದು ಅಲ್ಲಿ ಮನೆಗಳೆದ್ದಿವೆ. ಹಳೆಯ ವಿದ್ಯಾರ್ಥಿಗಳು ಬಂದಾಗ, ‘ನಾವು ನಾನೂರು ಮೀಟರು ಓಡುತ್ತಿದ್ದ ಬಯಲು ಎಲ್ಲಿ ಹೋಯಿತು?’ ಎಂದು ಕೇಳುತ್ತಾರೆ. ಯಜಮಾನರ ಮಕ್ಕಳು ಮಾತು ತಪ್ಪಿದರೆಂದು ಊರು ಹೇಳುತ್ತದೆ. ನಾನು ಇಷ್ಟು ವರ್ಷ ಸುಮ್ಮನಿದ್ದು ಆ ಮಾತನ್ನು ಹಾಗೆಯೇ ಬಿಟ್ಟಿದ್ದೆ. ಹಿರಿಯ ಶ್ರೀಗಳು ಒಮ್ಮೆ ಮಾತ್ರ, “ಹೋಗಲಿ ಬಿಡಿ ಪಂಡಿತರೇ” ಎಂದರು. ಬೈದಿದ್ದರೆ ಹಗುರಾಗುತ್ತಿತ್ತು. ಬಯಲು ಕೈಬಿಟ್ಟದ್ದು ಯಾರ ದೋಷದಿಂದಲೂ ಅಲ್ಲ, ನನ್ನ ಆಲಸ್ಯದಿಂದ, ಅದಕ್ಕಿಂತ ಹೆಚ್ಚಾಗಿ ನನ್ನ ಭಾಷಾಭಿಮಾನದಿಂದ. ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಓದುವ ಈ ಸಂಚಿಕೆಯಲ್ಲಿಯೇ ಇದನ್ನು ಬರೆಯಬೇಕೆಂದು ಆ ಬೆಂಚಿನ ಮೇಲೆ ಕುಳಿತಾಗ ನಿಶ್ಚಯಿಸಿದೆ.

ಹೊರಡುವ ಮುನ್ನ ಮಗುವನ್ನು ಕರೆದುಕೊಂಡು ಎಲ್ಲರೂ ಕೌಂಟಿಯ ಮೃಗಾಲಯಕ್ಕೆ ಹೋಗಿದ್ದೆವು. ಅಕಾಲದಲ್ಲಿ ತೀರಿಕೊಂಡ ಮಗ ಹೆನ್ರಿಯ ನೆನಪಿಗೆಂದು ವೈಲಸ್ ದಂಪತಿಗಳು 1904ರಲ್ಲಿ ನಗರಕ್ಕೆ ಕೊಟ್ಟ ಉದ್ಯಾನದ ನೆಲದಲ್ಲಿ ಅದು ಇದೆ. ಪ್ರವೇಶಕ್ಕೆ ಎಂದೂ ಹಣ ತೆಗೆದುಕೊಳ್ಳಬಾರದೆಂಬುದು ಅವರ ನಿಬಂಧನೆ. ಆಡಳಿತ ನಗರದಿಂದ ಕೌಂಟಿಯ ಕೈಗೆ ಬಂದಿದೆ. ಕೊಟ್ಟವರೂ ಬರೆದವರೂ ಹೋಗಿ ಎಷ್ಟೋ ಕಾಲವಾಯಿತು. ಬಾಗಿಲಲ್ಲಿ ಇಂದಿಗೂ ಯಾರೂ ಕಾಸು ಕೇಳುವುದಿಲ್ಲ. ಮಗಳು, “ಯಾಕೆ ಅಪ್ಪಾಜಿ, ಮುಖ ಹಾಗೆ ಮಾಡ್ಕೊಂಡಿದ್ದೀರಿ?” ಎಂದು ಕೇಳಿದಳು. ಬಿಸಿಲು ಎಂದೆ.

ಜೂನ್ ಆರಂಭದಲ್ಲಿ ಶಾಲೆ ಬಾಗಿಲು ತೆರೆದಾಗ ಮುಖ್ಯೋಪಾಧ್ಯಾಯರೊಡನೆ ಕುಳಿತು ಸಂಸ್ಥೆಗೆ ಬಂದ ನೆಲಗಳ ಕಾಗದಗಳನ್ನೆಲ್ಲ ಕಪಾಟಿನಿಂದ ತೆಗೆಸಿದೆ. ಎಲ್ಲವೂ ಸರಿಯಿದ್ದವು, ಒಂದನ್ನು ಬಿಟ್ಟು. ಪ್ರಸಾದನಿಲಯದ ಹಿಂದಿನ ಬಾವಿಯಿರುವ ನಿವೇಶನ, ಗ್ರಾಮಠಾಣೆಯದು, ಹನ್ನೆರಡು ಗುಂಟೆ, ಬಾಯಿಮಾತಿನಲ್ಲಿಯೇ ಬಂದದ್ದು. ಕೊಟ್ಟ ತಾಯಿ ಇದ್ದಾರೆ, ಎಂಬತ್ತು ದಾಟಿದೆ. ಅವರ ಮನೆಗೆ ಹೋಗಿ ಜಗಲಿಯ ಮೇಲೆ ಕುಳಿತು, ಸಂಕೋಚಪಡದೆ, ಕಾಗದವಾಗಬೇಕು ತಾಯಿ ಎಂದೆ. “ನಾನೇ ಕೇಳಬೇಕು ಅಂತಿದ್ದೆ, ನೀವು ಏನು ತಿಳ್ಕೋತೀರೋ ಅಂತ ಸುಮ್ಮನಿದ್ದೆ” ಎಂದರು.

ಈ ಸಲ ದಾನಪತ್ರವನ್ನು ಒಂದೇ ರಾತ್ರಿಯಲ್ಲಿ ಬರೆದೆ. ಚೆಕ್ಕುಬಂದಿ, ಅಳತೆ, ಕೊಟ್ಟವರ ಹೆಸರು, ಪಡೆದವರ ಹೆಸರು, ಇಬ್ಬರು ಸಾಕ್ಷಿಗಳು. ಸೂರ್ಯಚಂದ್ರರಿಲ್ಲ, ಶಾಪವಿಲ್ಲ. ಅದೇ ಪತ್ರ ಬರಹಗಾರರು, ಈಗ ಅವರಿಗೂ ತಲೆ ನರೆತಿದೆ, ಓದಿ ನೋಡಿ, “ಇದೇನು ಸ್ವಾಮಿ, ನೀವೇ ಬರೆದದ್ದಾ?” ಎಂದು ನಕ್ಕರು. ಶ್ರಾವಣದ ಎರಡನೆಯ ಗುರುವಾರ ಆ ತಾಯಿಯನ್ನು ಕಾರಿನಲ್ಲಿ ಕರೆದುಕೊಂಡುಹೋದೆವು. ಕಚೇರಿಯಲ್ಲಿ ಕ್ಯಾಮರಾದ ಮುಂದೆ ಕೂರಿಸಿದಾಗ ಅವರು ಸೆರಗು ಸರಿಪಡಿಸಿಕೊಂಡು ವಿಭೂತಿ ಅಳಿಸಿದೆಯೇ ಎಂದು ನನ್ನನ್ನು ಕೇಳಿದರು. ಇಲ್ಲವೆಂದೆ. ಬೆರಳಿನ ಗುರುತು ಯಂತ್ರಕ್ಕೆ ಸಿಕ್ಕಲಿಲ್ಲ. ದುಡಿದು ಸವೆದ ಬೆರಳು. ನಾಲ್ಕನೆಯ ಸಲ ಸಿಕ್ಕಿತು. ಹೊರಗೆ ಬಂದು, ಹೋಟೆಲಿನಲ್ಲಿ ಅವರಿಗೆ ಇಡ್ಲಿ ಕೊಡಿಸಿ, ಹೊತ್ತು ಮುಳುಗುವ ಮೊದಲು ಮನೆಗೆ ತಲಪಿಸಿದೆವು. ಮೂಲಪತ್ರ ಈಗ ಶಾಲೆಯ ಕಬ್ಬಿಣದ ಪೆಟ್ಟಿಗೆಯಲ್ಲಿದೆ. ಅದರ ಕೆಳಗೆ 2004ರಲ್ಲಿ ನಾನು ಬರೆದ ಹಳೆಯ ಕರಡನ್ನೂ ಇಟ್ಟಿದ್ದೇನೆ.